ಮಡೋಕಾದೊಳಗೆ ಫೌಸ್ಟ್ ಎಷ್ಟು? ಓದುಗರ ಪ್ರಶ್ನೆ, ನಮ್ಮ ಉತ್ತರ

2011ರ ಜಪಾನಿ ಆನಿಮೆ 'ಪುಯೆಲ್ಲಾ ಮಾಗಿ ಮಡೋಕಾ ಮ್ಯಾಜಿಕಾ' ಕುರಿತು ಬಂದ ಪ್ರಶ್ನೆಗಳಿವು. ಉತ್ತರಗಳಲ್ಲಿ ಕಥೆಯ ಗುಟ್ಟುಗಳೆಲ್ಲ ಬಯಲಾಗುತ್ತವೆ. ಹನ್ನೆರಡೂ ಕಂತು ನೋಡದವರು ನೋಡಿಕೊಂಡು ಬನ್ನಿ. ಕಥೆಯ ಎಳೆ ಇಷ್ಟು: ಕ್ಯೂಬೇ ಎಂಬ ಜೀವಿ ಹುಡುಗಿಯರಿಗೆ ಒಂದು ವರ ಕೊಟ್ಟು, ಬದಲಿಗೆ ಅವರನ್ನು ಮಾಟಗಾತಿಯರೊಡನೆ ಕಾದಾಡುವ ಮಾಂತ್ರಿಕ ಹುಡುಗಿಯರನ್ನಾಗಿ ಮಾಡುತ್ತಾನೆ; ಹತಾಶರಾದವರು ಕೊನೆಗೆ ತಾವೇ ಮಾಟಗಾತಿಯರಾಗುತ್ತಾರೆ. ನಾಯಕಿ ಮಡೋಕಾ.

ಪ್ರಶ್ನೆ: ಕ್ಯೂಬೇ ಎಂದರೆ ಜರ್ಮನ್ ಕವಿ ಗಯಟೆಯ 'ಫೌಸ್ಟ್' ನಾಟಕದಲ್ಲಿ ಫೌಸ್ಟ್ ಜೊತೆ ಕರಾರು ಮಾಡಿಕೊಳ್ಳುವ ಪಿಶಾಚಿ ಮೆಫಿಸ್ಟೋಫಿಲಿಸ್ ಎನ್ನುತ್ತಾರೆ. ಹಾಗಾದರೆ ಫೌಸ್ಟ್ ಯಾರು? ಮಡೋಕಾಳೇ?

ಉತ್ತರ: ಕ್ಯೂಬೇ ಕುರಿತ ಹೋಲಿಕೆ ಅರ್ಧ ದಾರಿಯವರೆಗೆ ಗಟ್ಟಿಯಾಗಿದೆ. ಮೆಫಿಸ್ಟೋ ಫೌಸ್ಟ್ ಬಳಿಗೆ ಮೊದಲು ಬರುವುದು ನಾಯಿಯ ರೂಪದಲ್ಲಿ. ಕ್ಯೂಬೇ ಮುದ್ದು ಪ್ರಾಣಿ. ಇಬ್ಬರದೂ ಆತ್ಮದ ವ್ಯವಹಾರವೇ. ಆದರೆ ಕರಾರಿನ ಷರತ್ತುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಗಯಟೆಯಲ್ಲಿ ಅದು ಪಂದ್ಯ: ಮೆಫಿಸ್ಟೋ ಇಲ್ಲಿ ಸೇವೆ ಮಾಡಬೇಕು, ಫೌಸ್ಟ್ ಸೋತರೆ ಮಾತ್ರ ಆತ್ಮ ಅವನ ಪಾಲು. ಕ್ಯೂಬೇಯದು ನಗದು ವ್ಯಾಪಾರ. ವರ ಕೊಟ್ಟ ಕ್ಷಣವೇ ಆತ್ಮವನ್ನು ದೇಹದಿಂದ ತೆಗೆದು ರತ್ನದಂಥ ಸೋಲ್ ಜೆಮ್‌ಗೆ ತುಂಬಿಬಿಡುತ್ತಾನೆ. ಹುಡುಗಿಯರಿಗೆ ಅದು ತಿಳಿಯುವುದು ಆರನೇ ಕಂತಿನಲ್ಲಿ. ಸದಾ ಕೆಡುಕನ್ನೇ ಬಯಸಿ ಒಳಿತನ್ನೇ ಹುಟ್ಟಿಸುವ ಶಕ್ತಿಯ ಒಂದು ತುಣುಕು ತಾನು ಎಂದು ಮೆಫಿಸ್ಟೋ ಪರಿಚಯ ಹೇಳಿಕೊಂಡರೆ, ಕ್ಯೂಬೇ ಅದನ್ನು ಬುಡಮೇಲು ಮಾಡುತ್ತಾನೆ. ಒಂಬತ್ತನೇ ಕಂತಿನಲ್ಲಿ ಅವನು ಕೊಡುವ ಕಾರಣ ಎಂಟ್ರೊಪಿ: ವಿಶ್ವದ ಶಕ್ತಿ ಬತ್ತದಂತೆ ಕಾಯಬೇಕು. ಉದ್ದೇಶ ಲೋಕಹಿತ, ಫಲ ನರಕ.

ಇನ್ನು ಫೌಸ್ಟ್. ಮಡೋಕಾ ಅಲ್ಲ. ಅವಳು ಮಾಟಗಾತಿಯಾದಾಗಿನ ರೂಪಕ್ಕೆ ತಯಾರಕರೇ ಕೊಟ್ಟ ಹೆಸರು ಕ್ರೀಮ್‌ಹಿಲ್ಡ್ ಗ್ರೆಚೆನ್. ಗ್ರೆಚೆನ್ ನಾಟಕದಲ್ಲಿ ಫೌಸ್ಟ್ ಒಲಿಸಿಕೊಂಡ ಹುಡುಗಿ; ಯಾವ ಕರಾರಿಗೂ ಸಹಿ ಹಾಕದೆ, ಬೇರೆಯವರ ಕರಾರಿಗೆ ಬಲಿಯಾಗುವವಳು. ಎರಡನೇ ಭಾಗದ ಕೊನೆಯಲ್ಲಿ ಫೌಸ್ಟ್‌ನ ಪರವಾಗಿ ಮೊರೆಯಿಡುವವಳೂ ಅವಳೇ. ಹುಟ್ಟುವ ಮೊದಲೇ ಮಾಟಗಾತಿಯರನ್ನೆಲ್ಲ ತನ್ನ ಕೈಯಾರೆ ಅಳಿಸುತ್ತೇನೆಂದು ಹನ್ನೆರಡನೇ ಕಂತಿನಲ್ಲಿ ಮಡೋಕಾ ಕೇಳುವ ವರ ಈ ಮೊರೆಯ ಹತ್ತಿರದ ನೆಂಟ.

ಫೌಸ್ಟ್‌ನ ಜಾಗ, ಮಡೋಕಾಳನ್ನು ಉಳಿಸಲು ಮತ್ತೆಮತ್ತೆ ಕಾಲದಲ್ಲಿ ಹಿಂದಕ್ಕೆ ಹೋಗುವ ಗೆಳತಿ ಹೊಮುರಾಳದು. ಹಾದುಹೋಗುವ ಕ್ಷಣಕ್ಕೆ 'ನಿಲ್ಲು, ನೀನೆಷ್ಟು ಚೆಲುವು' ಎಂದ ದಿನ ತಾನು ಸೋತಂತೆ ಎಂಬುದು ಫೌಸ್ಟ್ ಒಡ್ಡಿದ ಷರತ್ತು. ಹೊಮುರಾಳ ಗುರಾಣಿ ಮಾಡುವುದು ಅದನ್ನೇ: ಕಾಲವನ್ನು ನಿಲ್ಲಿಸುತ್ತದೆ, ಮರಳು ಮುಗಿದಾಗ ಸುಮಾರು ಒಂದು ತಿಂಗಳು ಹಿಂದಕ್ಕೆ ಒಯ್ಯುತ್ತದೆ. ಆದರೆ ನಿಲ್ಲಿಸಿಕೊಳ್ಳಬೇಕಾದ ಆ ಒಂದು ಕ್ಷಣ ಮಾತ್ರ ಅವಳ ಕೈಗೆ ಸಿಗದು. ನಾಟಕದಲ್ಲಿ ಮಾಟಗಾತಿಯರು ಕೂಡುವ ವಾಲ್ಪುರ್ಗಿಸ್ ರಾತ್ರಿಯಲ್ಲಿ ಫೌಸ್ಟ್‌ಗೆ ಕಾಣುವುದು ಕೊರಳಲ್ಲಿ ಕೆಂಪು ಗೆರೆ ಹೊತ್ತ ಗ್ರೆಚೆನ್‌ಳ ಛಾಯೆ. ಹೊಮುರಾ ಮಡೋಕಾಳನ್ನು ಮತ್ತೆಮತ್ತೆ ಕಳೆದುಕೊಳ್ಳುವುದೂ ವಾಲ್ಪುರ್ಗಿಸ್‌ನಾಖ್ಟ್ ಎಂಬ ಮಾಟಗಾತಿಯ ಎದುರಿನಲ್ಲೇ. 2013ರ 'ರೆಬೆಲಿಯನ್' ಚಿತ್ರವನ್ನು ಈ ಕಣ್ಣಿನಿಂದ ನೋಡಿದರೆ ಕೊನೆಯ ಕಾಲುಗಂಟೆ ಅಷ್ಟೇನೂ ಅನಿರೀಕ್ಷಿತ ಅನ್ನಿಸದು: ಕರೆದೊಯ್ಯಲು ಬಂದ ಗ್ರೆಚೆನ್‌ಳ ಕೈಯನ್ನೇ ಫೌಸ್ಟ್ ಬಿಗಿಯಾಗಿ ಹಿಡಿದು, ತನ್ನನ್ನು ತಾನು ಪಿಶಾಚಿ ಎಂದು ಕರೆದುಕೊಳ್ಳುತ್ತಾಳೆ.

ಪ್ರಶ್ನೆ: ಮಾಟಗಾತಿಯರು ಅಡಗಿರುವ ಚಕ್ರವ್ಯೂಹದ ಗೋಡೆಗಳ ಮೇಲಿನ ವಿಚಿತ್ರ ಲಿಪಿಯನ್ನು ನಾನೇ ಓದಬಹುದೇ? ಪ್ರಯತ್ನಿಸಿದೆ, ಅರ್ಥವಿಲ್ಲದ ಅಕ್ಷರಗಳಷ್ಟೇ ಬಂದವು.

ಉತ್ತರ: ಖಂಡಿತ ಓದಬಹುದು, ಪ್ರಸಾರ ನಡೆಯುತ್ತಿದ್ದಾಗಲೇ ಅಭಿಮಾನಿಗಳು ಬಿಡಿಸಿದ ಲಿಪಿ ಅದು. ಒಂದು ಚಿಹ್ನೆಗೆ ಒಂದು ರೋಮನ್ ಅಕ್ಷರ, ಅಷ್ಟೇ. ನೀವು ಬಹುಶಃ ಇಂಗ್ಲಿಷ್ ಪದ ಹುಡುಕಿದ್ದೀರಿ. ಅಲ್ಲಿರುವುದು ಹೆಚ್ಚಾಗಿ ಜರ್ಮನ್.

ಮಾಟಗಾತಿಯ ಹೆಸರು ತೆರೆಯ ಮೇಲೆ ಬರುವ ಚೌಕಟ್ಟಿನಿಂದ ಶುರುಮಾಡಿ, ಏಕೆಂದರೆ ಅಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ. ಗುಲಾಬಿ ತೋಟದ ಮಾಟಗಾತಿ ಗೆರ್ಟ್ರುಡ್‌ಳ ಹೆಸರಿಗೆ ಏಳು ಚಿಹ್ನೆ. ಮೂರನೆಯದೂ ಐದನೆಯದೂ ಒಂದೇ ಆಗಿದ್ದರೆ ಸರಿಯಾದ ಜಾಗದಲ್ಲಿದ್ದೀರಿ, ಅದು 'ಆರ್'. ಮೂರನೇ ಕಂತಿನ ಶಾರ್ಲೊಟ್‌ಗೆ ಒಂಬತ್ತು ಚಿಹ್ನೆ. ಏಳು ಮತ್ತು ಎಂಟು ಜೋಡಿ 'ಟಿ'. ಈ ಎರಡೇ ಹೆಸರಿನಿಂದ ಹನ್ನೊಂದು ಅಕ್ಷರ ಕೈಗೆ ಬರುತ್ತವೆ. ಉಳಿದದ್ದಕ್ಕೆ ಜರ್ಮನ್‌ನ ನಡೆ ನೆರವಾಗುತ್ತದೆ: ಅತಿ ಹೆಚ್ಚು ಬರುವ ಅಕ್ಷರ 'ಇ', ಎರಡನೇ ಸ್ಥಾನ 'ಎನ್'ಗೆ, 'ಸಿ' ಬಂದರೆ ಮುಂದಿನದು ಬಹುತೇಕ 'ಎಚ್' ಅಥವಾ 'ಕೆ'.

ಎಡವುವುದು ಎಲ್ಲಿ? ಒಂದೇ ಲಿಪಿಗೆ ಒಂದಕ್ಕಿಂತ ಹೆಚ್ಚು ಶೈಲಿಗಳಿವೆ. ಒಂದರ ಪಟ್ಟಿಯನ್ನು ಇನ್ನೊಂದಕ್ಕೆ ಹಚ್ಚಿದರೆ ನಿಮಗಾದಂತೆಯೇ ಆಗುತ್ತದೆ. ಶೈಲಿಗೊಂದು ಪ್ರತ್ಯೇಕ ಹಾಳೆ ಇಟ್ಟುಕೊಳ್ಳಿ. ಓಡುವ ದೃಶ್ಯದಲ್ಲಿ ಅಂದಾಜು ಮಾಡಬೇಡಿ, ಚೌಕಟ್ಟು ನಿಲ್ಲಿಸಿ ಬರೆದುಕೊಳ್ಳಿ. ಪದ ಕೂಡದಿದ್ದರೆ ಚಿತ್ರವನ್ನು ತಿರುಗಿಸಿ ನೋಡಿ. ಎರಡನೇ ಕಂತಿನ ಬರಹವನ್ನು ಬಿಡಿಸಿದಾಗ 'ಫೌಸ್ಟ್' ಸಾಲುಗಳೇ ಸಿಕ್ಕವು, ಊಹಾಪೋಹವೆಲ್ಲ ಹೊತ್ತಿಕೊಂಡದ್ದು ಅಲ್ಲಿಂದ. ಆದರೆ ಒಂದು ಎಚ್ಚರ. ಕಥೆ ಬರೆದವರು ಗೆನ್ ಉರೊಬುಚಿ. ಚಕ್ರವ್ಯೂಹಗಳ ವಿನ್ಯಾಸ ಗೆಕಿದಾನ್ ಇನು ಕರ್ರಿ ಎಂಬ ಜೋಡಿಯದು. ಗೋಡೆ ಬರಹ ಸಿಕ್ಕಿತೆಂದು ಅದನ್ನು ಕಥೆಗಾರನ ಮನಸ್ಸಿಗೆ ಸಾಕ್ಷಿ ಮಾಡಬೇಡಿ. ಸಂಭಾಷಣೆ, ತಯಾರಕರು ಪ್ರಕಟಿಸಿದ ಮಾಟಗಾತಿ ವಿವರ, ಗೋಡೆ ಬರಹ: ಮೂರಕ್ಕೂ ಬೇರೆಬೇರೆ ತೂಕ.

ಪ್ರಶ್ನೆ: ಮಡೋಕಾಳ ಗೆಳತಿ ಸಯಾಕಾಳ ಕಥೆಯಲ್ಲೂ ಫೌಸ್ಟ್ ಇದೆಯೇ?

ಉತ್ತರ: ಅಲ್ಲಿ ಮೂಲ ಬೇರೆ: ಆಂಡರ್ಸನ್‌ನ 1837ರ ಮತ್ಸ್ಯಕನ್ಯೆ. ಅವಳು ದನಿ ಮಾರಿ ಕಾಲು ಪಡೆದಳು, ರಾಜಕುಮಾರ ಬೇರೆಯವಳನ್ನು ವರಿಸಿದ. ಸಯಾಕಾ ಆತ್ಮ ಕೊಟ್ಟು ತಾನು ಪ್ರೀತಿಸಿದ ಕ್ಯೋಸುಕೆಯ ಕೈ ವಾಸಿಮಾಡಿದಳು, ಅವನೆದುರು ಮನಸ್ಸು ತೆರೆದಿಟ್ಟವಳು ಅವಳ ಗೆಳತಿ ಹಿತೋಮಿ. ಮಾಟಗಾತಿಯಾದಾಗ ಬಾಲವೇ ಮೂಡುತ್ತದೆ, ಇನ್ನೇನು ಸಾಕ್ಷಿ ಬೇಕು! ಆ ರೂಪದ ಹೆಸರು ಒಕ್ಟಾವಿಯಾ ಫಾನ್ ಸೆಕೆನ್‌ಡಾರ್ಫ್. ಗಯಟೆಯ ಕವಿತೆಗಳಿಗೆ ರಾಗ ಹಾಕಿದ ಸೆಕೆನ್‌ಡಾರ್ಫ್ ಎಂಬ ಸಂಯೋಜಕ ವೈಮಾರ್ ಆಸ್ಥಾನದಲ್ಲಿದ್ದ. ವಾದ್ಯವೃಂದದ ನಡುವೆ ಕೂತ ಮಾಟಗಾತಿಗೆ ಅವನ ಹೆಸರು ಒಪ್ಪುತ್ತದೆ. ಊಹೆಯೇ ಆದರೂ ಒಳ್ಳೆಯ ಊಹೆ.

ಪ್ರಶ್ನೆ: ಶಾರ್ಲೊಟ್ ಎಂಬ ಹೆಸರು ಗಯಟೆಯ 'ವೆರ್ಥರ್' ಕಾದಂಬರಿಯ ನಾಯಕಿಯದಲ್ಲವೇ?

ಉತ್ತರ: ಇದು ಬಾದರಾಯಣ ಸಂಬಂಧ. ಆಕೆ ಸಿಹಿತಿನಿಸಿನ ಮಾಟಗಾತಿ, ಶಾರ್ಲೊಟ್ ಎಂಬುದು ಒಂದು ಸಿಹಿತಿನಿಸಿನ ಹೆಸರು.

ಪ್ರಶ್ನೆ: ಇಡೀ 'ಫೌಸ್ಟ್' ಓದಲೇಬೇಕೇ?

ಉತ್ತರ: ಹನ್ನೆರಡು ಸಾವಿರಕ್ಕೂ ಮಿಕ್ಕ ಸಾಲುಗಳು; ಬೇಕಿಲ್ಲ. ಮೊದಲ ಭಾಗದಲ್ಲಿ ಸ್ವರ್ಗದ ಪೀಠಿಕೆ, ಓದುಕೋಣೆಯ ಎರಡು ದೃಶ್ಯ, ವಾಲ್ಪುರ್ಗಿಸ್ ರಾತ್ರಿ, ಸೆರೆಮನೆ. ಎರಡನೇ ಭಾಗದಲ್ಲಿ ಐದನೇ ಅಂಕ. ಸೆರೆಮನೆಯ ದೃಶ್ಯ ಓದಿದ ಕೂಡಲೇ ಹತ್ತನೇ ಕಂತನ್ನು ಮತ್ತೆ ಹಾಕಿ. 2012ರ ಎರಡು ಚಿತ್ರಗಳು ಸರಣಿಯದೇ ಸಂಕ್ಷೇಪ, ಬಿಟ್ಟರೂ ನಡೆಯುತ್ತದೆ. 'ರೆಬೆಲಿಯನ್' ಮಾತ್ರ ಹನ್ನೆರಡನೇ ಕಂತಿಗಿಂತ ಮೊದಲು ಬೇಡ.