ಎಂಟನೇ ನಂಬರಿನ ಟ್ರಾಮ್ ಗಡಿ ದಾಟದ ದಿನಗಳು

ನಿಮ್ಮ ಮೆಸೇಜು ಓದಿದೆ. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್ ಮೂರರ ಗಡಿಯೂ ಕೂಡುವ ಈ ಬಾಸೆಲ್‌ಗೆ ಬಂದು ಇನ್ನೂ ಮೂರು ವಾರ, ಅಷ್ಟರಲ್ಲೇ ಆಫೀಸಿನವರೆಲ್ಲ ಒಂದೇ ಮಂತ್ರ ಹೇಳಿಕೊಟ್ಟಿದ್ದಾರೆ: ಸಂಬಳ ಸ್ವಿಟ್ಜರ್ಲೆಂಡಿನದು, ಸಾಮಾನು ಜರ್ಮನಿಯದು, ಊಟ ಫ್ರಾನ್ಸಿನದು. ಅದು ನಿಜವಾ, ಕೊರೋನಾ ಕಾಲದಲ್ಲಿ ಗಡಿ ಮುಚ್ಚಿದಾಗ ನೀವೆಲ್ಲ ಏನು ಮಾಡಿದ್ರಿ, ಈ ಮಂತ್ರ ನಂಬಿ ಮನೆಖರ್ಚಿನ ಲೆಕ್ಕ ಹಾಕಬಹುದಾ ಅಂತ ಕೇಳಿದ್ದೀರಿ. ಅಕ್ಕ ಅಂತ ಬೇರೆ ಕರೆದಿದ್ದೀರಿ. ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ, ಬೈಕೋಬೇಡಿ.

ನಾವು ಇಲ್ಲಿಗೆ ಬಂದದ್ದು 2014ರಲ್ಲಿ. ಅದೇ ವರ್ಷ ಡಿಸೆಂಬರಿನಲ್ಲಿ ಎಂಟನೇ ನಂಬರಿನ ಟ್ರಾಮ್ ಗಡಿ ದಾಟಿ ಜರ್ಮನಿಯ ವೈಲ್ ಆಮ್ ರೈನ್ ತನಕ ಹೋಗಲು ಶುರುವಾಯಿತು. 2017ರ ಕೊನೆಗೆ ಮೂರನೇ ನಂಬರಿನದು ಫ್ರಾನ್ಸಿನ ಸಾಂ ಲೂಯಿ ತನಕ. ಶನಿವಾರ ಬೆಳಿಗ್ಗೆ ಆ ಎಂಟನೇ ಟ್ರಾಮ್ ಹತ್ತಿ ನೋಡಿ, ಅರ್ಧ ಊರು ಚಕ್ರದ ಚೀಲ ಹಿಡಿದು ಕೂತಿರುತ್ತದೆ. ವಾಪಸು ಬರುವಾಗ ಎಲ್ಲರ ಕೈಯಲ್ಲೂ ಒಂದು ಹಸಿರು ಚೀಟಿ. ಅದು ಜರ್ಮನಿಯ ತೆರಿಗೆ ವಾಪಸು ಪಡೆಯುವ ಚೀಟಿ. ಅಂಗಡಿಯವರು ಬರೆದುಕೊಡುತ್ತಾರೆ, ಗಡಿಯ ಕಸ್ಟಮ್ಸಿನಲ್ಲಿ ಮುದ್ರೆ ಹಾಕಿಸಬೇಕು, ಮುಂದಿನ ಸಲ ಅದೇ ಅಂಗಡಿಗೆ ಕೊಟ್ಟರೆ ತೆರಿಗೆಯ ದುಡ್ಡು ಕೈಗೆ ಬರುತ್ತದೆ. ಅಲ್ಲಿ ತಿನ್ನುವ ಸಾಮಾನಿಗೆ ತೆರಿಗೆ ಶೇಕಡಾ 7, ಸೋಪು ಶಾಂಪೂ ತರಹದ್ದಕ್ಕೆ 19. ಅಂದರೆ ನೂರು ಯೂರೋ ದಿನಸಿ ಬಿಲ್ಲಿಗೆ ಆರೂವರೆ ಯೂರೋ ವಾಪಸು, ನೂರು ಯೂರೋ ಸೋಪು ಡಯಾಪರಿಗೆ ಹೆಚ್ಚುಕಡಿಮೆ ಹದಿನಾರು. 2020ರ ಜನವರಿಯಿಂದ ಒಂದು ನಿಯಮ ಬಂತು: ಬಿಲ್ಲು 50 ಯೂರೋ ದಾಟಿದರೆ ಮಾತ್ರ ಈ ಚೀಟಿ. ಈ 50ರ ಗೆರೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2020ರ ಮಾರ್ಚ್ 16ರ ಹೊತ್ತಿಗೆ ಎಲ್ಲ ನಿಂತುಹೋಯಿತು. ಇಲ್ಲಿ ಅಂಗಡಿ ಹೋಟೆಲು ಬಂದ್, ಜರ್ಮನಿ ಫ್ರಾನ್ಸುಗಳ ಗಡಿ ಬಂದ್. ಎಂಟನೇ ಟ್ರಾಮ್ ಗಡಿಯ ಈಚೆಯ ಕ್ಲೈನ್‌ಹ್ಯೂನಿಂಗೆನ್ ತನಕ ಬಂದು ಹಿಂದಿರುಗುತ್ತಿತ್ತು. ಸಣ್ಣಪುಟ್ಟ ದಾರಿಗಳಿಗೆ ಬೇಲಿ ಬಿತ್ತು. ಬೋಡನ್ ಸರೋವರದ ಹತ್ತಿರ ಕಾನ್ಸ್‌ಟಾನ್ಸ್ ಮತ್ತು ಕ್ರೊಯ್ಟ್ಸ್‌ಲಿಂಗೆನ್ ಅಂತ ಒಂದಕ್ಕೊಂದು ಅಂಟಿಕೊಂಡ ಎರಡು ಊರುಗಳಿವೆ, ಮೊದಲನೆಯದು ಜರ್ಮನಿಯದು, ಎರಡನೆಯದು ಸ್ವಿಟ್ಜರ್ಲೆಂಡಿನದು. ಅಲ್ಲಿ ಮೊದಲು ಒಂದು ಬೇಲಿ ಹಾಕಿದರು. ಪ್ರೇಮಿಗಳು, ಅಪ್ಪ ಮಕ್ಕಳು ಆಚೆ ಈಚೆ ನಿಂತು ಬೇಲಿಯ ಕಿಂಡಿಯಲ್ಲೇ ಕೈ ಹಿಡಿಯತೊಡಗಿದರು. ಅದಕ್ಕೆ ಪಕ್ಕದಲ್ಲೇ ಇನ್ನೊಂದು ಬೇಲಿ ಎದ್ದಿತು.

ಅದೇ ವಾರಗಳಲ್ಲಿ ಕರ್ನಾಟಕ ಕೇರಳ ಗಡಿಯ ನಮ್ಮ ತಲಪಾಡಿಯಲ್ಲೂ ಇದೇ ಕತೆ. ನನ್ನ ತವರು ಕೇರಳದ ಬದಿಯ ಮಂಜೇಶ್ವರ. ನಮಗೆ ಶಾಲೆ ಯೂನಿಫಾರಂ ಇರಲಿ, ಹೆರಿಗೆ ಇರಲಿ, ಎಲ್ಲದಕ್ಕೂ ಮಂಗಳೂರು. ಅದು ಬೇರೆ ರಾಜ್ಯ ಅನ್ನುವುದೇ ಮನಸ್ಸಿಗೆ ಬರುತ್ತಿರಲಿಲ್ಲ. ಮಾರ್ಚ್ ಕೊನೆಗೆ ರಸ್ತೆಗೆ ಮಣ್ಣು ಸುರಿದು ಮುಚ್ಚಿದರು. ಆಸ್ಪತ್ರೆಗೆ ಹೋಗುವವರೂ ಆಚೆಯೇ ಉಳಿದರು, ಮಾತು ಸುಪ್ರೀಂ ಕೋರ್ಟಿನ ತನಕ ಹೋಯಿತು. ಅಮ್ಮ ಫೋನಿನಲ್ಲಿ, ‘ನಿಮ್ಮಲ್ಲೂ ಮಣ್ಣು ಹಾಕಿದ್ದಾರಾ?’ ಅಂತ ಕೇಳಿದರು. ಇಲ್ಲಿ ಮಣ್ಣಲ್ಲ, ತಂತಿ ಬೇಲಿ ಅಂದೆ. ಇಲ್ಲಿಯ ಆಸ್ಪತ್ರೆಗಳ ವಿಷಯ ಮಾತ್ರ ಬೇರೆಯಾಗಿತ್ತು. ಗಡಿಯಾಚೆ ಫ್ರಾನ್ಸಿನ ಅಲ್ಸಾಸ್ ಸೀಮೆಯ ಮ್ಯುಲೂಜ್ ಊರಲ್ಲಿ ಹಾಸಿಗೆ ಸಾಲದೆ ಒದ್ದಾಡುವಾಗ ಬಾಸೆಲಿನ ಆಸ್ಪತ್ರೆಗಳು ಅಲ್ಲಿಂದ ರೋಗಿಗಳನ್ನು ಕರೆಸಿಕೊಂಡವು. ಕೆಲಸಕ್ಕೆ ಬರುವವರನ್ನೂ ತಡೆಯಲಿಲ್ಲ. ಆಗ ಈ ದೇಶಕ್ಕೆ ದಿನಾ ಗಡಿ ದಾಟಿ ಬಂದು ದುಡಿಯುವವರು ಮೂರು ಲಕ್ಷಕ್ಕೂ ಮೀರಿದ್ದರು. ಅವರನ್ನು ಬಿಡದಿದ್ದರೆ ಆಸ್ಪತ್ರೆಯಲ್ಲಿ ನರ್ಸ್ ಎಲ್ಲಿಂದ ಬರಬೇಕು? ನನ್ನ ಟೀಮಿನ ಒಬ್ಬಳು ಸಾಂ ಲೂಯಿಯಿಂದ ಸೈಕಲ್ಲಿನಲ್ಲಿ ಹದಿನೈದು ನಿಮಿಷದಲ್ಲಿ ಬರುತ್ತಿದ್ದವಳು, ಆಗ ತೆರೆದಿದ್ದ ಒಂದೇ ದಾರಿ ಸುತ್ತಿ, ಆಫೀಸಿನ ಪತ್ರ ತೋರಿಸಿ ಬರಬೇಕಿತ್ತು. ಸಂಜೆ ಮನೆಗೆ ಹೋದರೆ ಫ್ರಾನ್ಸಿನಲ್ಲಿ ಹೊರಗೆ ಕಾಲಿಡಲು ಇನ್ನೊಂದು ಕಾಗದ: ವಾಕಿಂಗಿಗೆ ಮನೆಯಿಂದ ಒಂದು ಕಿಲೋಮೀಟರ್, ಒಂದು ಗಂಟೆ, ಅಷ್ಟೇ. ತಪ್ಪಿದರೆ 135 ಯೂರೋ ದಂಡ. ನಾವು ಆ ಹೊತ್ತಿಗೆ ರೈನ್ ನದಿಯ ದಡದಲ್ಲಿ ಆರಾಮಾಗಿ ವಾಕಿಂಗ್ ಮಾಡುತ್ತಿದ್ದೆವು. ಐದಕ್ಕಿಂತ ಹೆಚ್ಚು ಜನ ಗುಂಪುಗೂಡಬಾರದು ಅಂತಷ್ಟೇ ಇತ್ತು.

ಇನ್ನು ಖರ್ಚಿನ ವಿಷಯ. ಗಡಿ ಮುಚ್ಚಿದ ರಾತ್ರಿ ನಮ್ಮ ಯಜಮಾನರು ಬಚ್ಚಲುಮನೆಯ ಕಪಾಟು ತೆಗೆದು ಎಣಿಸಿದರು. ಏಳು ಶಾಂಪೂ, ಹನ್ನೊಂದು ಟೂತ್‌ಪೇಸ್ಟ್, ನಾಲ್ಕು ದೊಡ್ಡ ಡಬ್ಬಿ ಬಟ್ಟೆ ಸೋಪಿನ ಪುಡಿ. ಮನೆಯಲ್ಲಿ ಇರುವವರು ಮೂರು ಜನ! ಬಿಸ್ಕತ್ತಿನ ಡಬ್ಬದಲ್ಲಿ ಮುದ್ರೆ ಬಿದ್ದ ಎಂಟು ಹಸಿರು ಚೀಟಿ. ಎಲ್ಲ ಸೇರಿ ಅರವತ್ತು ಯೂರೋ ಇರಬಹುದು, ಆಚೆ ಹೋಗುವ ತನಕ ಬರೀ ಕಾಗದ. ಹಾಲು ತುಪ್ಪಕ್ಕೆ ಏನು ಗತಿ ಅಂತ ನನಗೆ ಚಿಂತೆ. ನಾನು ಬೆಣ್ಣೆ ತಂದು ತುಪ್ಪ ಕಾಯಿಸುವವಳು. ಜರ್ಮನಿಯಲ್ಲಿ ಆಗ ಕಾಲು ಕಿಲೋ ಬೆಣ್ಣೆ ಸುಮಾರು ಒಂದೂವರೆ ಯೂರೋ, ಇಲ್ಲಿ ಮೂರು ಫ್ರಾಂಕಿನ ಆಸುಪಾಸು. (ತರುವುದಾದರೆ ಒಬ್ಬರಿಗೆ ಒಂದೇ ಕಿಲೋ, ಮಾಂಸವೂ ಅಷ್ಟೇ. ಮಾಂಸ ಹೆಚ್ಚಾದರೆ ಕಿಲೋಗೆ 17 ಫ್ರಾಂಕ್ ಸುಂಕ. ತಮಾಷೆ ಅಲ್ಲ.) ಖರ್ಚು ಎರಡು ಪಟ್ಟು ಆಗುತ್ತದೆ ಅಂತಲೇ ಅಂದುಕೊಂಡಿದ್ದೆ.

ಏಪ್ರಿಲ್ ಮುಗಿದಾಗ ಲೆಕ್ಕದ ಪುಸ್ತಕ ಕೂಡಿಸಿದೆ. ಫೆಬ್ರವರಿಯಲ್ಲಿ ದಿನಸಿ, ಸೋಪು ಎಲ್ಲ ಸೇರಿ 780 ಫ್ರಾಂಕ್. ಏಪ್ರಿಲಿನಲ್ಲಿ 830. ಎರಡು ಸಲ ಕೂಡಿಸಿದೆ, ಅಷ್ಟೇ ಬಂತು. ಅದೂ ಮೂರು ಹೊತ್ತೂ ಮನೆಯಲ್ಲೇ ಉಂಡು. ಕಾರಣ ಹುಡುಕುತ್ತಾ ಹೋದರೆ ಸಿಕ್ಕಿದ್ದು ಆ 50 ಯೂರೋದ ಗೆರೆ. ಬಿಲ್ಲು 41 ಆಗಿದ್ದರೆ ಸುಮ್ನೆ ಇನ್ನೆರಡು ಶಾಂಪೂ ಎತ್ತಿ ಹಾಕುತ್ತಿದ್ದೆವು, ಚೀಟಿ ಸಿಗಲಿ ಅಂತ. ಹೇಗೂ ಬಂದಿದ್ದೇವಲ್ಲ ಅಂತ ಒಂದು ಕಾಫಿ, ಮಗನಿಗೊಂದು ಐಸ್‌ಕ್ರೀಮು, ನನಗೊಂದು ಮೇಣದ ಬತ್ತಿ. ಜರ್ಮನಿಯಲ್ಲಿ ಉಳಿಸಿದ್ದನ್ನೆಲ್ಲ ಜರ್ಮನಿಯಲ್ಲೇ ಕಳೆದು ಬರುತ್ತಿದ್ದೆವು.

ಇಲ್ಲೇ ಕೊಂಡರೂ ಬದುಕಬಹುದು ಅಂತ ಗೊತ್ತಾದದ್ದು ಆಗಲೇ. ಇಲ್ಲಿಯ ಸೂಪರ್ ಮಾರ್ಕೆಟ್ಟು ಮಿಗ್ರೋಸಿನಲ್ಲಿ ‘ಎಂ ಬಜೆಟ್’ ಅಂತ ಅಗ್ಗದ ಹಸಿರು ಪ್ಯಾಕೆಟ್ಟುಗಳಿವೆ, ಕೋಪ್‌ನಲ್ಲಿ ‘ಪ್ರಿ ಗಾರಂಟಿ’. ಹಿಟ್ಟು, ಸಕ್ಕರೆ, ಹಾಲು, ಬೇಳೆಗೆ ಅದೇ ಸಾಕು. ಆಲ್ಡಿ, ಲಿಡ್ಲ್ ಇಲ್ಲೂ ಇವೆ. ಸಂಜೆ ಅಂಗಡಿ ಮುಚ್ಚುವ ಮೊದಲು ಹೋದರೆ ಅರ್ಧ ಬೆಲೆಯ ಚೀಟಿ ಅಂಟಿಸಿದ ಮೊಸರು, ಬ್ರೆಡ್ಡು, ತರಕಾರಿ ಸಿಗುತ್ತದೆ. ನಾಚಿಕೆ ಬೇಡ, ಸ್ವಿಸ್ಸಿನವರೇ ಮೊದಲು ಕೈ ಹಾಕುವುದು. ಇನ್ನು ನಮ್ಮ ಅಡುಗೆಗೆ ನಿಜವಾಗಿ ಕೈ ಹಿಡಿದದ್ದು ಶ್ರೀಲಂಕಾದ ತಮಿಳರ ಅಂಗಡಿ. ಕರಿಬೇವು, ತೆಂಗಿನಕಾಯಿ, ನುಗ್ಗೆ, ಹಸಿಮೆಣಸು. ಅದಕ್ಕಿಂತ ದೊಡ್ಡ ವಿಷಯ, ಕುಚ್ಚಲಕ್ಕಿ! ಆರು ವರ್ಷ ಇಲ್ಲಿದ್ದು ಅದರ ಬಾಗಿಲು ಹತ್ತಿರಲಿಲ್ಲ ನಾನು. ಜರ್ಮನಿಯ ಬಾಸ್ಮತಿ ತಿಂದುಕೊಂಡಿದ್ದೆ.

ಗಡಿ ಮುಚ್ಚಿದಾಗ ಕದ್ದುಮುಚ್ಚಿ ಹೋಗುವವರು ಇರಲಿಲ್ಲವಾ ಅಂತ ಕೇಳಬಹುದು. ಇದ್ದರು. ಸ್ವಿಸ್ಸಿನವರೇ ಏಪ್ರಿಲಿನಲ್ಲಿ ಅದಕ್ಕೆ 100 ಫ್ರಾಂಕ್ ದಂಡ ಇಟ್ಟರು: ಬರೀ ಸಾಮಾನು ತರಲೆಂದೇ ಗಡಿ ದಾಟುವ ಹಾಗಿಲ್ಲ. ಮೇ 16ಕ್ಕೆ ಸ್ವಲ್ಪ ಸಡಿಲ ಆಯಿತು. ಜೋಡಿಗಳು, ಮನೆಮಂದಿ, ಆಚೆ ಕಡೆ ತೋಟ ಇರುವವರು ಹೋಗಬಹುದು ಅಂತ. ನಮ್ಮ ಕೆಳಗಿನ ಮನೆಯ ಅಜ್ಜಿಗೆ ಆಚೆ ಒಂದು ತುಂಡು ತೋಟ ಇತ್ತು, ಬಾಸೆಲಿನ ಎಷ್ಟೋ ಜನರಿಗೆ ಹಾಗೆ ಇದೆ. ಆವತ್ತು ಬೆಳಿಗ್ಗೆ ಬೀನ್ಸಿನ ಸಸಿ ಟ್ರೇ ಕಂಕುಳಲ್ಲಿ ಇಟ್ಟುಕೊಂಡು, ತುಂಬಿದ ಫಾರಂ ಬಾಯಲ್ಲಿ ಕಚ್ಚಿಕೊಂಡು ಬಾಗಿಲಿಗೆ ಬೀಗ ಹಾಕುತ್ತಿದ್ದರು.

ಜೂನ್ 15ಕ್ಕೆ ಗಡಿ ತೆರೆಯಿತು. ಮೊದಲ ಶನಿವಾರ ನಾವು ಎಂಟನೇ ಟ್ರಾಮಿನಲ್ಲೇ ಹೋದೆವು. ಆಗ ಸ್ವಿಟ್ಜರ್ಲೆಂಡಿನಲ್ಲಿ ಮಾಸ್ಕ್ ಕಡ್ಡಾಯ ಇರಲಿಲ್ಲ, ಜರ್ಮನಿಯಲ್ಲಿ ಏಪ್ರಿಲ್ ಕೊನೆಯಿಂದಲೇ ಇತ್ತು. ಕಸ್ಟಮ್ಸಿನ ಸ್ಟಾಪ್ ಬರುತ್ತಲೇ ಇಡೀ ಟ್ರಾಮ್ ಒಟ್ಟಿಗೆ ಜೇಬಿಗೆ ಕೈ ಹಾಕಿತು. ಎಲ್ಲರೂ ಮಾಸ್ಕ್ ಏರಿಸಿದರು. ವಾಪಸು ಬರುವಾಗ ಅದೇ ಜಾಗದಲ್ಲಿ ಎಲ್ಲರೂ ಇಳಿಸಿದರು. ವೈರಸ್ಸಿಗೂ ಪಾಸ್‌ಪೋರ್ಟ್ ಇದೆಯೇನೋ ಅನ್ನುವ ಹಾಗೆ. ಮಗ ಬಿದ್ದು ಬಿದ್ದು ನಕ್ಕ. ಜುಲೈ 6ರಿಂದ ಇಲ್ಲಿಯ ಬಸ್ಸು ಟ್ರಾಮುಗಳಲ್ಲೂ ಕಡ್ಡಾಯ ಆಗಿ ಆ ಆಟ ನಿಂತಿತು. ಜುಲೈ 1ರಿಂದ ವರ್ಷದ ಕೊನೆ ತನಕ ಜರ್ಮನಿ ತೆರಿಗೆಯನ್ನು 19ರಿಂದ 16ಕ್ಕೆ, 7ರಿಂದ 5ಕ್ಕೆ ಇಳಿಸಿತು. ನಮ್ಮ ಕನ್ನಡದ ಗುಂಪಿನಲ್ಲಿ ದೊಡ್ಡ ಸಂಭ್ರಮ. ನಾನು ಕೇಳಿದೆ, ತೆರಿಗೆಯನ್ನೇ ವಾಪಸು ತಗೊಳ್ಳುವವರಿಗೆ ತೆರಿಗೆ ಇಳಿದರೇನು ಏರಿದರೇನು? ಯಾರೂ ಉತ್ತರ ಕೊಡಲಿಲ್ಲ.

ದುಡ್ಡು ಕೊಡುವ ರೀತಿಯೂ ಆಗಲೇ ಬದಲಾಯಿತು. ಪಿನ್ ಒತ್ತದೆ ಕಾರ್ಡ್ ತೋರಿಸಿ ಕೊಡುವ ಮಿತಿ ಇಲ್ಲಿ 40ರಿಂದ 80 ಫ್ರಾಂಕ್ ಆಯಿತು, ಜರ್ಮನಿಯಲ್ಲಿ 25ರಿಂದ 50 ಯೂರೋ, ಫ್ರಾನ್ಸಿನಲ್ಲಿ 30ರಿಂದ 50. ನೋಟು ಬಿಟ್ಟರೆ ಬೇರೇನೂ ಮುಟ್ಟದ ಜರ್ಮನಿಯ ಬೇಕರಿಯವರೂ ಮೆಷಿನ್ ಇಟ್ಟರು. ನೀವು ಇಲ್ಲಿಯ ಟ್ವಿಂಟ್ ಆ್ಯಪ್ ಹಾಕಿಕೊಳ್ಳಿ, ನಮ್ಮ ಯುಪಿಐ ಇದ್ದ ಹಾಗೆ. ಆದರೆ ಗಡಿಯಾಚೆ ಕಾರ್ಡ್ ತಿಕ್ಕುವ ಮೊದಲು ಬ್ಯಾಂಕಿನವರು ಹೊರದೇಶದ ಖರ್ಚಿಗೆ ಎಷ್ಟು ಕೀಳುತ್ತಾರೆ ಅಂತ ನೋಡಿಕೊಳ್ಳಿ. ನಾನು ಮೂರು ವರ್ಷ ನೋಡಿರಲಿಲ್ಲ. ಹಸಿರು ಚೀಟಿಯ ಅರ್ಧ ದುಡ್ಡು ಅಲ್ಲಿಗೇ ಹೋಗುತ್ತಿತ್ತು.

ಚಳಿಗಾಲ ಬಂದಾಗ ಮತ್ತೆ ಗೊಂದಲ. ಜರ್ಮನಿಯವರು 24 ಗಂಟೆಯೊಳಗೆ ಬಂದು ಹೋದರೆ ಕ್ವಾರಂಟೈನ್ ಬೇಡ ಅಂದರು, ಡಿಸೆಂಬರಿನಲ್ಲಿ ಶಾಪಿಂಗಿಗೆ ಆ ರಿಯಾಯಿತಿ ಇಲ್ಲ ಅಂದರು. ಫ್ರಾನ್ಸ್ ಗಡಿಯ 30 ಕಿಲೋಮೀಟರ್ ಒಳಗಿನವರಿಗೆ ಟೆಸ್ಟ್ ಬೇಡ ಅಂತ ಬಿಟ್ಟಿತು, ಆದರೆ ಸಂಜೆ ಆರಕ್ಕೆ ಕರ್ಫ್ಯೂ. ಒಂದೇ ಟ್ರಾಮ್ ಸ್ಟಾಪಿನಲ್ಲಿ ನಿಂತು ಮೂರು ದೇಶದ ನಿಯಮ ಓದಬೇಕು! ಕೊನೆಗೆ ಓದುವುದನ್ನೇ ಬಿಟ್ಟು, ಅರ್ಧ ಟಿಕೆಟ್ಟಿನ ಹಾಲ್ಬ್‌ಟಾಕ್ಸ್ ಕಾರ್ಡ್ ಮಾಡಿಸಿ ಈ ದೇಶದೊಳಗೇ ಸುತ್ತಿದೆವು. ಅಷ್ಟು ವರ್ಷ ಇದ್ದೂ ಈ ದೇಶದ ದಕ್ಷಿಣದ ಟಿಚಿನೋ ನೋಡಿರಲಿಲ್ಲ. ರಜೆ ಅಂದರೆ ಊರು ಅಂತಲೇ ಇತ್ತಲ್ಲ. ಊರಿಗೆ ವಿಮಾನ ಇಲ್ಲದ ಆ ವರ್ಷ ಅಲ್ಲಿಯ ಲುಗಾನೋದ ಕೆರೆ ದಂಡೆಯಲ್ಲಿ ಕೂತು ಅಮ್ಮನಿಗೆ ವಿಡಿಯೋ ಕಾಲ್ ಮಾಡಿದೆ. ‘ಚಂದ ಉಂಟು, ಆದರೆ ನೀನು ಯಾವಾಗ ಬರುವುದು?’ ಅಂದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಜರ್ಮನಿಗೆ ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ನಾನೇ ಹೋಗುತ್ತೇನೆ. ಆದರೆ ತಿಂಗಳಿಗೆ ಒಂದು ಸಲ, ಪಟ್ಟಿ ಹಿಡಿದು. ಡಯಾಪರು, ಸೋಪು, ಬೆಣ್ಣೆ. ಫ್ರಾಂಕ್ ಈಗ ಯೂರೋಗಿಂತ ಗಟ್ಟಿ ಇದೆ, ಹಾಗಾಗಿ ಆಸೆ ಜಾಸ್ತಿಯೇ ಆಗುತ್ತದೆ. ಅದಕ್ಕೆ ಸರಿಯಾಗಿ ಸ್ವಿಸ್ ಸರ್ಕಾರ 2025ರ ಜನವರಿಯಿಂದ ತೆರಿಗೆ ಇಲ್ಲದೆ ತರುವ ಮಿತಿಯನ್ನು ಒಬ್ಬರಿಗೆ 300 ಫ್ರಾಂಕಿನಿಂದ 150ಕ್ಕೆ ಇಳಿಸಿದೆ. ಆದರೆ ಬಾಡಿಗೆ ಮನೆ ಹುಡುಕುವಾಗ, ಊರಿಗೆ ಎಷ್ಟು ಕಳಿಸಬಹುದು ಅಂತ ಲೆಕ್ಕ ಹಾಕುವಾಗ, ಈಚೆ ಕಡೆಯ ಅಂಗಡಿ ಬೆಲೆಯನ್ನೇ ಹಿಡಿಯಿರಿ. ಆಚೆ ಉಳಿದದ್ದು ಮೇಲಿನ ಲಾಭ ಅಂತ ಇರಲಿ. ಆ ಮೂರು ತಿಂಗಳಲ್ಲಿ ಕೈ ಕಚ್ಚಿದ್ದು ನಮಗಲ್ಲ, ಜರ್ಮನಿಯ ಬೆಲೆ ನಂಬಿ ದೊಡ್ಡ ಮನೆ ಹಿಡಿದಿದ್ದವರಿಗೆ.

ಇನ್ನೊಂದು ಮಾತು. 2023ರ ಅಕ್ಟೋಬರಿನಿಂದ ಜರ್ಮನಿಯವರು ಗಡಿಯಲ್ಲಿ ಮತ್ತೆ ತಪಾಸಣೆ ಮಾಡುತ್ತಾರೆ. ಪರ್ಮಿಟ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ ಅಂದಿರಿ, ಹಾಗಾಗಿ ಟ್ರಾಮ್ ಹತ್ತುವಾಗ ಪಾಸ್‌ಪೋರ್ಟು ವೀಸಾ ಎರಡೂ ಜೊತೆಗಿರಲಿ.

ಈ ಶನಿವಾರ ನಾವು ತಮಿಳರ ಅಂಗಡಿಗೆ ಹೋಗುತ್ತೇವೆ. ಬರುವುದಾದರೆ ಶುಕ್ರವಾರ ಸಂಜೆಯೊಳಗೆ ಹೇಳಿ. ಕುಚ್ಚಲಕ್ಕಿ ಐದು ಕಿಲೋ ಚೀಲದಲ್ಲೇ ಬರುವುದು, ನಿಮಗೆ ಜಾಸ್ತಿ ಆದರೆ ಅರ್ಧ ನಾನು ಇಟ್ಟುಕೊಳ್ಳುತ್ತೇನೆ.