‘ಟಿಪ್ಪಣಿಯಲ್ಲಿ ನನ್ನದೊಂದು ವಾಕ್ಯವೂ ಉಳಿಯಲಿಲ್ಲ’: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಎಸ್. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದವರು. ರಿಸರ್ವ್ ಬ್ಯಾಂಕಿನ ಗ್ರೇಡ್ ಬಿ ಅಧಿಕಾರಿ ಪರೀಕ್ಷೆಯಲ್ಲಿ ಆರ್ಥಿಕ ಮತ್ತು ನೀತಿ ಸಂಶೋಧನಾ ವಿಭಾಗಕ್ಕೆ ಆಯ್ಕೆಯಾಗಿ ಮುಂಬಯಿ ಸೇರಿದ್ದಾರೆ, ಪ್ರೊಬೇಷನ್ ನಡೆಯುತ್ತಿದೆ. ಹಣದುಬ್ಬರದ ಬಗ್ಗೆ ಬರೆದ ಮೊದಲ ಟಿಪ್ಪಣಿ ತುಂಬ ತಿದ್ದುಪಡಿ ಹೊತ್ತು ವಾಪಸು ಬಂದಿದೆ. ಜತೆಗಾರರಲ್ಲಿ ಪಿಎಚ್‌ಡಿ ಆದವರಿದ್ದಾರೆ. ‘ನನ್ನ ಇಂಗ್ಲಿಷ್ ಸಾಲದು. ದಿನವಿಡೀ ಅಂಕಿಅಂಶ ಜೋಡಿಸುವುದೇ ಕೆಲಸ. ರಾಜೀನಾಮೆ ಕೊಟ್ಟು ಪಿಎಚ್‌ಡಿಗೆ ಹೋಗಲೇ?’ ಎಂಬುದು ಅವರ ಪ್ರಶ್ನೆ.

ಆ ಪರೀಕ್ಷೆಯ ಇಂಗ್ಲಿಷ್ ವಿವರಣಾತ್ಮಕ ಪ್ರಶ್ನೆಪತ್ರಿಕೆ ದಾಟಿ ಬಂದವರಿಗೆ ಭಾಷೆ ಅಡ್ಡಿಯಾಗುವುದು ಅಪರೂಪ. ಕಚೇರಿಯ ಟಿಪ್ಪಣಿಯನ್ನು ಹೊರಗೆ ತೋರಿಸುವಂತಿಲ್ಲ. ಹಾಗಾಗಿ ಕಾಲ್ಪನಿಕ ಸಂಖ್ಯೆಗಳ ಮೇಲೆ ಅದೇ ಬಗೆಯ ಒಂದು ಪ್ಯಾರಾ ಬರೆಯಲು ಹೇಳಲಾಯಿತು. ಕಳೆದ ವರ್ಷ ಮೇ ತಿಂಗಳ ಬೆಲೆ ಸೂಚ್ಯಂಕ 150, ಜೂನ್ 153. ಈ ವರ್ಷ ಮೇ 157.5, ಜೂನ್ 159. ‘ಜೂನ್‌ನಲ್ಲಿ ಬೆಲೆಗಳು ಇಳಿದವು’ ಎಂದು ಅವರು ಬರೆದರು. ತೊಡಕು ಅಲ್ಲೇ ಇತ್ತು. ವಾರ್ಷಿಕ ಹಣದುಬ್ಬರ (ಕಳೆದ ವರ್ಷದ ಅದೇ ತಿಂಗಳಿಗೆ ಹೋಲಿಸಿದ ಬೆಲೆ ಏರಿಕೆ) ಶೇ 5ರಿಂದ ಶೇ 3.9ಕ್ಕೆ ಇಳಿದದ್ದು ನಿಜ, ಆದರೆ ಬೆಲೆ ಒಂದೇ ತಿಂಗಳಲ್ಲಿ ಶೇ 0.95 ಏರಿದೆ. ಕಳೆದ ವರ್ಷ ಜೂನ್ ಒಂದೇ ತಿಂಗಳಲ್ಲಿ ಶೇ 2ರಷ್ಟು ಏರಿದ್ದರಿಂದ ಈಗಿನ ದರ ಕಡಿಮೆ ಕಾಣುತ್ತಿದೆ; ಇದೇ ಬೇಸ್ ಎಫೆಕ್ಟ್. ಬಡ್ಡಿದರ ನಿರ್ಧರಿಸುವವರಿಗೆ ಈ ವ್ಯತ್ಯಾಸವೇ ಮುಖ್ಯ. ಇಳಿಕೆಯನ್ನು ‘ಶೇ 1.1’ ಎಂದು ಬರೆದದ್ದೂ ತಪ್ಪು, ಅದು 1.1 ಶೇಕಡಾವಾರು ಅಂಶ, ಅಂದರೆ ಎರಡು ಶೇಕಡಾ ದರಗಳ ನಡುವಿನ ಅಂತರ.

ಎಂ.ಎ. ಪ್ರಬಂಧದಲ್ಲಿ ಸಿದ್ಧಾಂತ ಮೊದಲು, ತೀರ್ಮಾನ ಕೊನೆಗೆ. ಬ್ಯಾಂಕಿನ ಟಿಪ್ಪಣಿಯಲ್ಲಿ ತಿರುವುಮುರುವು. ಏನು ಬದಲಾಯಿತು, ಎಷ್ಟು, ಯಾವ ವಸ್ತುವಿನಿಂದ, ಇನ್ನೆಷ್ಟು ತಿಂಗಳು ಉಳಿದೀತು ಎಂಬುದು ಮೊದಲ ಮೂರು ವಾಕ್ಯಗಳಲ್ಲೇ ಬರಬೇಕು. ತಿದ್ದಿದ ಪ್ರತಿಯನ್ನು ಕಚೇರಿಯಲ್ಲೇ ಮುಂದಿಟ್ಟುಕೊಂಡು, ಒಂದೊಂದು ತಿದ್ದುಪಡಿಯ ಪಕ್ಕದಲ್ಲೂ ಅದು ಲೆಕ್ಕದ್ದೋ, ತರ್ಕದ್ದೋ, ಭಾಷೆಯದ್ದೋ ಎಂದು ಗುರುತು ಹಾಕಲು ಸೂಚಿಸಲಾಯಿತು. ಮರಳಿ ಬಂದಾಗ ಎಸ್. ಹೇಳಿದ್ದು: ಹೆಚ್ಚಿನವು ಮೊದಲ ಎರಡು ಬಗೆಯವು.

ಅಂಕಿಅಂಶ ಜೋಡಿಸುವ ಕೆಲಸವನ್ನು ಅವರು ಕೀಳಾಗಿ ಕಾಣುತ್ತಿದ್ದರು. ಇಲ್ಲಿ ಸಲಹೆ ಕೊಂಚ ಗಟ್ಟಿಯಾಗಿಯೇ ಇತ್ತು. ಜಿಡಿಪಿ ಅಂದಾಜು ಒಂದೇ ಸಲ ಬಂದು ಮುಗಿಯುವುದಿಲ್ಲ. ಮುಂಗಡ, ತಾತ್ಕಾಲಿಕ, ಪರಿಷ್ಕೃತ ಎಂದು ಬದಲಾಗುತ್ತ ಹೋಗುತ್ತದೆ. ಹಳೆಯ ಹಾಳೆಯ ಮೇಲೆ ಹೊಸ ಸಂಖ್ಯೆ ಬರೆದುಬಿಟ್ಟರೆ, ಕಳೆದ ನಿರ್ಧಾರದ ಹೊತ್ತಿಗೆ ಬ್ಯಾಂಕಿಗೆ ಏನು ಗೊತ್ತಿತ್ತು ಎಂಬುದೇ ಅಳಿಸಿಹೋಗುತ್ತದೆ. ಪ್ರತಿ ಬಿಡುಗಡೆಗೂ ದಿನಾಂಕ ಹಾಕಿದ ಪ್ರತ್ಯೇಕ ಕಡತ ಇಡಬೇಕು. ಹಾಗೆಯೇ, ಋತುಮಾನದ ಏರಿಳಿತ ತೆಗೆಯುವ ಎಕ್ಸ್-13 ತಂತ್ರಾಂಶಕ್ಕೆ ಈಸ್ಟರ್ ಗೊತ್ತು, ದೀಪಾವಳಿ ಗೊತ್ತಿಲ್ಲ. ಹಬ್ಬ ಒಂದು ವರ್ಷ ಅಕ್ಟೋಬರ್‌ನಲ್ಲಿ, ಇನ್ನೊಂದು ವರ್ಷ ನವೆಂಬರ್‌ನಲ್ಲಿ ಬಂದಾಗ ಜನರ ಕೈಯಲ್ಲಿನ ನಗದಿನ ತಿಂಗಳುವಾರು ಅಂಕಿಗಳ ಸರಣಿ ಸುಳ್ಳು ಹೇಳುತ್ತದೆ; ಹಬ್ಬಕ್ಕೆ ಪ್ರತ್ಯೇಕ ಚಲಕ (ವೇರಿಯಬಲ್) ಸೇರಿಸಬೇಕು. ಇಂಥದ್ದು ಕೈಗೆ ಹತ್ತುವುದು ಸರಣಿಯ ಜತೆ ಕೂತವರಿಗೇ.

ಅಭ್ಯಾಸಕ್ಕೆ ಆರ್ ಅಥವಾ ಪೈಥಾನ್, ಈ ಎರಡು ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಒಂದು ಸಾಕು. ಬ್ಯಾಂಕಿನ ಮಾಸಿಕ ಬುಲೆಟಿನ್‌ನ ಒಂದು ರೇಖಾಚಿತ್ರವನ್ನು ಸಾರ್ವಜನಿಕ ದತ್ತಾಂಶದಿಂದ ತಾವೇ ಮತ್ತೆ ಬರೆದು, ಎಲ್ಲಿ ಹೊಂದುವುದಿಲ್ಲವೋ ಹುಡುಕಬೇಕು. ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ರೆಪೊ ದರದ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ) ಊಹೆ ಮಾತ್ರ ಬೇಡವೇ ಬೇಡ, ತಮಾಷೆಗೂ.

ಪಿಎಚ್‌ಡಿ ವಿಚಾರದಲ್ಲಿ: ದ್ವೈಮಾಸಿಕ ಹಣಕಾಸು ನೀತಿಯ ಒಂದು ಪೂರ್ಣ ವರ್ಷ ಕಾಣದೆ ತೀರ್ಮಾನ ಬೇಡ. ಅಷ್ಟರಲ್ಲಿ ಅಧ್ಯಯನ ರಜೆಗೆ ಎಷ್ಟು ವರ್ಷ ಸೇವೆ ಆಗಿರಬೇಕು, ಮರಳಿದ ಮೇಲೆ ಎಷ್ಟು ದಿನ ಸೇವೆ ಕಡ್ಡಾಯ ಎಂಬುದನ್ನು ಮಾನವ ಸಂಪನ್ಮೂಲ ವಿಭಾಗದಿಂದ ಲಿಖಿತವಾಗಿ ಕೇಳಿ ಪಡೆಯಬೇಕು. ಎಸ್. ರಾಜೀನಾಮೆ ಪತ್ರ ಬರೆದಿಲ್ಲ. ಸಂಶೋಧನಾ ಪ್ರಸ್ತಾವವನ್ನು ಭಾನುವಾರಗಳಲ್ಲಿ ಬರೆಯುತ್ತಿದ್ದಾರೆ, ವಿಷಯ ತರಕಾರಿ ಬೆಲೆ.