ಮೈಸೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಲು ಮಡಿಕೇರಿ ಕೋಟೆ ಒಳ್ಳೆಯದಾ, ನಾಲ್ಕುನಾಡು ಅರಮನೆಯಾ?

ಒಂಬತ್ತು ವರ್ಷದ ಮಗಳು ರಾಜರಿದ್ದ ಜಾಗ ನೋಡಬೇಕು ಅನ್ನುತ್ತಿದ್ದಾಳೆ, ಜೊತೆಗೆ ಅಮ್ಮನೂ ಬರುತ್ತಾರೆ, ಭಾನುವಾರ ಒಂದೇ ದಿನ ಸಿಗುತ್ತದೆ, ಕಾರು ಇದೆ ಅಂತ ಕೇಳಿದ್ದೀರಿ. ನನ್ನ ತವರು ಕೊಡಗಿನ ನಾಪೋಕ್ಲು, ಮದುವೆಯಾಗಿ ಬಂದದ್ದು ಮೈಸೂರಿಗೆ. ಈ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದೇನೋ ಲೆಕ್ಕವಿಲ್ಲ. ನನ್ನ ಮಾತು ಕೇಳುವುದಾದರೆ ಮೊದಲು ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಹೋಗಿ. ಮಡಿಕೇರಿ ಕೋಟೆ ವಾಪಸ್ ಬರುವ ದಾರಿಯಲ್ಲೇ ಸಿಗುತ್ತದೆ.

ಬೆಳಿಗ್ಗೆ ಐದೂವರೆಗೆ ಮನೆ ಬಿಡಿ. ಹುಣಸೂರು, ತಿತಿಮತಿ, ಗೋಣಿಕೊಪ್ಪ, ವಿರಾಜಪೇಟೆ, ಅಲ್ಲಿಂದ ಕಕ್ಕಬ್ಬೆ. ಹುಣಸೂರು ದಾಟಿದ ಮೇಲೆ ಕಾಡಿನ ನಡುವೆ ರಸ್ತೆ ಹೋಗುತ್ತದೆ, ಆನೆ ಓಡಾಡುವ ಜಾಗ, ಫೋಟೋಗೆ ಅಂತ ಕಾರು ನಿಲ್ಲಿಸಬೇಡಿ. ವಿರಾಜಪೇಟೆಯಲ್ಲಿ ತಿಂಡಿ ಮುಗಿಸಿಬಿಡಿ, ಮುಂದೆ ಹೋಟೆಲ್ ಕಡಿಮೆ. ಕಕ್ಕಬ್ಬೆಯಿಂದ ಯವಕಪಾಡಿ ಕಡೆಗೆ ಮೇಲೆ ಹತ್ತುವ ರಸ್ತೆ ಸಣ್ಣದು, ತಿರುವು ಜಾಸ್ತಿ. ಎದುರಿಗೆ ಜೀಪು ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು. ನಿಧಾನವಾಗಿ ಹೋಗಿ.

ಅರಮನೆ ಅಂದ ತಕ್ಷಣ ಮಗಳು ಮೈಸೂರು ಅರಮನೆಯಂಥದ್ದನ್ನೇ ಕಲ್ಪಿಸಿಕೊಂಡಿರುತ್ತಾಳೆ, ಅಲ್ವಾ? ಹೊರಡುವ ಮುಂಚೆಯೇ ಅವಳಿಗೆ ಹೇಳಿ: ಇದು ಮೆರೆಯಲು ಕಟ್ಟಿದ ಅರಮನೆ ಅಲ್ಲ, ಜೀವ ಉಳಿಸಿಕೊಳ್ಳಲು ಕಟ್ಟಿದ್ದು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಟಿಪ್ಪುವಿನ ಸೆರೆಯಲ್ಲಿದ್ದವನು. 1788ರಲ್ಲಿ ತಪ್ಪಿಸಿಕೊಂಡು ಬಂದ. 1792ರ ಹೊತ್ತಿಗೆ ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳಿನ ಬುಡದಲ್ಲಿ ಈ ಮನೆ ಕಟ್ಟಿಸಲು ಶುರು ಮಾಡಿದ. ಎರಡು ಅಂತಸ್ತು, ಮಣ್ಣಿನ ದಪ್ಪ ಗೋಡೆ, ಮರದ ಕಂಬ. ದೂರದಿಂದ ನೋಡಿದರೆ ಯಾರದೋ ದೊಡ್ಡ ಐನ್‌ಮನೆ, ಅಂದರೆ ಕೊಡವರ ಕುಟುಂಬದ ಮೂಲಮನೆ ಅನ್ನಿಸುತ್ತದೆ. ಸುತ್ತ ಕಾಡು, ಹಿಂದೆ ಬೆಟ್ಟ. ಶತ್ರು ಇಲ್ಲಿಗೆ ಬರುವುದು ಎಷ್ಟು ಕಷ್ಟ ಅನ್ನುವುದು ಆ ರಸ್ತೆ ಹತ್ತಿ ಬಂದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಒಳಗೆ ಹೋದ ಕೂಡಲೇ ಮುಂದಕ್ಕೆ ಓಡಬೇಡಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಏನೂ ಕಾಣುವುದಿಲ್ಲ. ಒಂದೆರಡು ನಿಮಿಷ ಸುಮ್ನೆ ನಿಂತರೆ ಕಂಬದ ಕೆತ್ತನೆ ಕಾಣುತ್ತದೆ, ಆಮೇಲೆ ಗೋಡೆಯ ಚಿತ್ರ. ಬಣ್ಣ ಎಷ್ಟೋ ಕಡೆ ಹೋಗಿದೆ. ಆ ಚಿತ್ರಗಳ ಮೇಲೇ ಜನ ಮೊಳೆಯಿಂದ, ಕೀಲಿಕೈಯಿಂದ ತಮ್ಮ ಹೆಸರು ಗೀಚಿದ್ದಾರೆ. ಕಳೆದ ಸಲ ನಮ್ಮ ಅತ್ತೆ ಅಂಥ ಒಂದು ಗೆರೆಯನ್ನು ಹತ್ತಿರದಿಂದ ನೋಡುತ್ತಾ ನಿಂತುಬಿಟ್ಟರು. ಬಣ್ಣದ ಪದರ ಹರಿದು ಒಳಗಿನ ಮಣ್ಣು ಕಾಣುತ್ತಿತ್ತು. "ಮನೆ ಗೋಡೆಗೆ ಹೀಗೆ ಮಾಡ್ತಾರೇನೇ?" ಅಂದರು. ನನಗೆ ಅಳುವೇ ಬಂತು. ದಯವಿಟ್ಟು ಮಗಳಿಗೆ ಗೋಡೆ ಮುಟ್ಟಬೇಡ ಅಂತ ಮೊದಲೇ ಹೇಳಿಡಿ.

ಹೊರಗೆ ಅಂಗಳದಲ್ಲಿ ಒಂದು ಪುಟ್ಟ ಮಂಟಪ ಇದೆ. 1796ರಲ್ಲಿ ರಾಜ ಮಹಾದೇವಮ್ಮನವರನ್ನು ಮದುವೆಯಾದದ್ದು ಅಲ್ಲೇ. ಅಮ್ಮನಿಗೆ ಮೇಲಿನ ಅಂತಸ್ತಿಗೆ ಹತ್ತುವುದು ಕಷ್ಟವಾದರೆ ಆ ಅಂಗಳದಲ್ಲಿ ಕೂರಲಿ, ತಣ್ಣಗೆ ಗಾಳಿ ಬರುತ್ತದೆ. ಈ ಮನೆಗೆ ಇನ್ನೊಂದು ಕಥೆಯೂ ಇದೆ. 1834ರಲ್ಲಿ ಬ್ರಿಟಿಷರು ಕೊಡಗಿಗೆ ನುಗ್ಗಿದಾಗ ಕೊನೆಯ ರಾಜ ಚಿಕ್ಕವೀರರಾಜೇಂದ್ರ ಬಂದು ಸೇರಿಕೊಂಡದ್ದೂ ಇಲ್ಲಿಗೇ. ಇಲ್ಲಿಂದ ಹೋಗಿ ಶರಣಾದ, ಮತ್ತೆ ರಾಜನಾಗಲಿಲ್ಲ. ದೊಡ್ಡಪ್ಪ ದೊಡ್ಡವೀರರಾಜೇಂದ್ರ ಬಚ್ಚಿಟ್ಟುಕೊಳ್ಳಲು ಕಟ್ಟಿದ ಮನೆಯೂ ಅವನನ್ನು ಉಳಿಸಲಿಲ್ಲ.

ಹನ್ನೊಂದೂವರೆಗೆ ಹೊರಡಿ. ಕಕ್ಕಬ್ಬೆಯಲ್ಲಿ ಜೇನು ಸಿಗುತ್ತದೆ, ಒಂದು ಬಾಟಲಿ ತೆಗೆದುಕೊಳ್ಳಿ. ನಾಪೋಕ್ಲು, ಮೂರ್ನಾಡು ದಾಟಿ ಮಡಿಕೇರಿಗೆ ಬಂದು ಊಟ ಮಾಡಿ, ಆಮೇಲೆ ಕೋಟೆ. ಹಿಂದಿನ ಕೊಡಗಿನ ರಾಜ ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ್ದನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿದ. ಈಗ ಕೋಟೆಯೊಳಗೆ ಕಾಣುವ ಅರಮನೆ ದೊಡ್ಡವೀರರಾಜೇಂದ್ರನ ತಮ್ಮ ಲಿಂಗರಾಜೇಂದ್ರನದು, 1812ರಿಂದ 1814ರ ಕಾಲದ್ದು. ಬಹಳ ವರ್ಷ ಅದರಲ್ಲಿ ಸರ್ಕಾರಿ ಕಚೇರಿಗಳೇ ಇದ್ದವು. ಮಗಳಿಗೆ ಇಷ್ಟವಾಗುವುದು ಅಂಗಳದಲ್ಲಿರುವ ಎರಡು ಗಾರೆಯ ಆನೆಗಳು, ನಿಜವಾದ ಆನೆಯಷ್ಟೇ ದೊಡ್ಡವು. ಪಕ್ಕದಲ್ಲೇ 1855ರಲ್ಲಿ ಕಟ್ಟಿದ ಚರ್ಚ್ ಇದೆ, ಈಗ ಅದು ಮ್ಯೂಸಿಯಂ. ಒಂದು ಗಂಟೆ ಸಾಕು. ಸಮಯ ಉಳಿದರೆ ಎಲ್ಲರೂ ಹೋಗುವ ರಾಜಾಸೀಟ್ ಉದ್ಯಾನ ಬಿಟ್ಟು ಗದ್ದಿಗೆಗೆ, ಅಂದರೆ ರಾಜರ ಸಮಾಧಿಗಳಿರುವ ಜಾಗಕ್ಕೆ ಹೋಗಿ. ಬೆಳಿಗ್ಗೆ ನೋಡಿದ ಅಂಗಳದಲ್ಲಿ ಮದುವೆಯಾದ ಆ ಇಬ್ಬರ ಸಮಾಧಿಯೂ ಅಲ್ಲೇ ಇದೆ.

ಮಳೆಗಾಲದಲ್ಲಾದರೆ ಇದೆಲ್ಲ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಕಡೆ ಜಿಗಣೆ, ಜಾರಿಕೆ, ಕೆಲವೊಮ್ಮೆ ಮರವೂ ಬಿದ್ದಿರುತ್ತದೆ. ಅಮ್ಮನನ್ನು ಕರೆದುಕೊಂಡು ಹೋಗುವುದಾದರೆ ನವೆಂಬರ್ ಕಳೆಯಲಿ.

ನಾಲ್ಕು ಗಂಟೆಗೆ ಮಡಿಕೇರಿ ಬಿಟ್ಟರೆ ಕುಶಾಲನಗರದ ಮೇಲೆ ಏಳರ ಸುಮಾರಿಗೆ ಮೈಸೂರು. ದಾರಿಯಲ್ಲಿ ಪಿರಿಯಾಪಟ್ಟಣ ಬರುತ್ತದೆ. ಮಗಳು ಅಷ್ಟರಲ್ಲಿ ನಿದ್ದೆ ಹೋಗಿರುತ್ತಾಳೆ, ಎಬ್ಬಿಸಿ ತೋರಿಸಿ. ದೊಡ್ಡವೀರರಾಜೇಂದ್ರ ಸೆರೆಯಲ್ಲಿದ್ದು ತಪ್ಪಿಸಿಕೊಂಡದ್ದು ಈ ಊರಿನ ಕೋಟೆಯಿಂದಲೇ.